ಮೂರನೇ ಮಹಡಿಯಿಂದ ಬಿದ್ದ ಸಾಮಾನುಗಳ ವಿಚಾರಣೆ

ನಾನು ಎರಡನೇ ಮಹಡಿಯವನು. ಮೂರನೇ ಮಹಡಿಯಿಂದ ಏನೇ ಬೀಳಲಿ, ನೆಲ ಮುಟ್ಟುವ ಮುಂಚೆ ನನ್ನ ಬಾಲ್ಕನಿಯ ಮುಂದೆ ಹಾದೇ ಹೋಗಬೇಕು. ಹೀಗಾಗಿ ಈ ಪ್ರಕರಣದಲ್ಲಿ ಕಣ್ಣಾರೆ ಕಂಡ ಸಾಕ್ಷಿ ಅಂತ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಕಟ್ಟಡದಲ್ಲಿ ಎಲ್ಲರ ಮಾತನ್ನೂ ನಂಬಿದರು, ನನ್ನ ಮಾತೊಂದನ್ನು ಬಿಟ್ಟು. ಆ ಸಿಟ್ಟಿಗೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಮೂರನೇ ಮಹಡಿಯಲ್ಲಿ ಇರುವವರನ್ನು ನಾವೆಲ್ಲ ಟೆಸ್ಟಿಂಗ್ ಸಾಹೇಬರು ಎಂದು ಕರೆಯುತ್ತೇವೆ. ಊಟದ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಡಬ್ಬಿಯನ್ನು ಎತ್ತರದಿಂದ ಬೀಳಿಸುವುದು, ಮುಚ್ಚಳ ಬಿಚ್ಚಿಕೊಂಡಿತೋ ಇಲ್ಲವೋ ಎಂದು ಬಗ್ಗಿ ನೋಡುವುದು, ಬರೆದುಕೊಳ್ಳುವುದು, ಮತ್ತೆ ಬೀಳಿಸುವುದು. ಹದಿನೇಳು ವರ್ಷದಿಂದ ಬೀಳಿಸುತ್ತಲೇ ಇದ್ದಾರೆ. ಯಾರ ಮನೆಯಲ್ಲಾದರೂ ಲೋಟ ಕೈಜಾರಿದರೆ ನಾವೆಲ್ಲ ಅಯ್ಯೋ ಎನ್ನುತ್ತೇವೆ. ಸಾಹೇಬರು ಮಾತ್ರ, 'ಮೂಲೆ ಮೇಲೆ ಬಿತ್ತಾ, ತಳದ ಮೇಲೆ ಬಿತ್ತಾ?' ಎಂದು ಕೇಳುತ್ತಾರೆ. ಮನುಷ್ಯ ಸಾಧು. ಹೆಂಡತಿಯ ಮುಂದೆ ಗಟ್ಟಿಯಾಗಿ ಸೀನಿದ್ದನ್ನೂ ನಾನು ಕೇಳಿಲ್ಲ. ಇದ್ದ ಒಂದೇ ಚಟವೆಂದರೆ, ಎಲ್ಲವನ್ನೂ ವೈಜ್ಞಾನಿಕವಾಗಿ ಮಾಡುತ್ತೇನೆ ಎಂದು ಕಂಡಕಂಡವರಿಗೆ ಹೇಳಿಕೊಳ್ಳುವುದು.

ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವರಿಗೊಂದು ಹೆಣ್ಣುಮಗು ಹುಟ್ಟಿತು. ಅದಕ್ಕೆ ಏಳು ತಿಂಗಳು ತುಂಬಿದಾಗ ತೂಕ ನೋಡಿಸಲು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿನ ನರ್ಸಮ್ಮ, ಮಗುವಿನ ಜೊತೆ ಆಟ ಆಡ್ತೀರಾ ಎಂದು ವಾಡಿಕೆಯಂತೆ ಕೇಳಿದರು. ಸಾಹೇಬರು ಅಲ್ಲಿಯವರೆಗೆ ಮಗುವನ್ನು ಎತ್ತಿಕೊಂಡಿದ್ದೇ ಕಡಿಮೆ. ಕೈಜಾರುವ ವಸ್ತುಗಳ ಬಗ್ಗೆ ಅವರಿಗೆ ಅಷ್ಟೊಂದು ಗೊತ್ತಿದ್ದುದೇ ಅದಕ್ಕೆ ಕಾರಣವಿರಬೇಕು. ಆದರೆ ಸಾಲಿನಲ್ಲಿ ಇಪ್ಪತ್ತು ಜನ ಕೇಳಿಸಿಕೊಳ್ಳುತ್ತಿದ್ದರಲ್ಲ, 'ದಿನಾ ಆಡ್ತೀವಿ. ಎಲ್ಲಾ ವೈಜ್ಞಾನಿಕವಾಗಿ' ಅಂದುಬಿಟ್ಟರು. ನರ್ಸಮ್ಮ ಸಂತೋಷಪಟ್ಟು ಒಂದು ಹಾಳೆ ಕೊಟ್ಟರು. ಯಾವ ತಿಂಗಳಲ್ಲಿ ಯಾವ ಆಟ ಆಡಿಸಿದರೆ ಮಗುವಿನ ಕೈ, ಕಣ್ಣು, ಬುದ್ಧಿ ಚುರುಕಾಗುತ್ತವೆ ಎಂದು ಅದರಲ್ಲಿ ಬರೆದಿತ್ತು. ಎಂಟನೇ ತಿಂಗಳ ಎದುರಿಗೆ ಹೀಗಿತ್ತು: 'ಮಗು ಚಮಚವನ್ನು ಬೇಕೆಂದೇ ಬೀಳಿಸುತ್ತದೆ. ಎತ್ತಿ ಕೊಡಿ. ಮತ್ತೆ ಬೀಳಿಸುತ್ತದೆ. ಮತ್ತೆ ಎತ್ತಿ ಕೊಡಿ. ಗದರಬೇಡಿ. ಬೀಳಿಸುವುದೂ ಒಂದು ಕಲಿಕೆ.'

ಸಾಹೇಬರು ಅದನ್ನು ಮೂರು ಸಲ ಓದಿಕೊಂಡರು. ಹದಿನೇಳು ವರ್ಷದಲ್ಲಿ ಅವರ ಕೆಲಸವನ್ನು ಕಲಿಕೆ ಎಂದು ಯಾರೂ ಕರೆದಿರಲಿಲ್ಲ.

'ದಿನಕ್ಕೆ ಎಷ್ಟು ಸಲ ಬೀಳಿಸಬೇಕು?' ಎಂದು ಕೇಳಿದರು.

'ಮಗು ಖುಷಿಯಾಗಿರೋವರೆಗೂ,' ಅಂದರು ನರ್ಸಮ್ಮ.

'ಒಂದು ಸಂಖ್ಯೆ ಹೇಳಿ.'

'ಸಂಖ್ಯೆ ಏನಿಲ್ಲ ಸರ್.'

'ನಲವತ್ತು ಅಂತ ಬರ್ಕೊಳ್ಳಲಾ?'

'ಬರ್ಕೊಳ್ಳಿ.'

'ಎಷ್ಟು ಎತ್ತರದಿಂದ?'

ನರ್ಸಮ್ಮ ಇನ್ನೊಂದು ಮಗುವನ್ನು ತಕ್ಕಡಿಯ ಮೇಲೆ ಮಲಗಿಸುತ್ತಿದ್ದರು. 'ನಿಮಗೆ ಅನುಕೂಲ ಆದಷ್ಟು,' ಅಂದರು. ಆ ಪುಣ್ಯಾತ್ಗಿತ್ತಿ ಮುಂದೆ ನಡೆದದ್ದಕ್ಕೆ ಎಷ್ಟು ಜವಾಬ್ದಾರರು ಎಂದು ನಾನು ಹೇಳಲಾರೆ. ಆದರೆ ಎತ್ತರದ ವಿಷಯದಲ್ಲಿ ಸಾಹೇಬರಿಗೆ ಅಷ್ಟು ಸಲಿಗೆ ಕೊಡಬಾರದಿತ್ತು.

ಮೊದಲ ದಿನ ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಕೈಗೆ ಚಮಚ ಕೊಟ್ಟರು. ಮಗು ಬೀಳಿಸಿತು. ಸಾಹೇಬರು ಎತ್ತಿಕೊಟ್ಟರು. ಹತ್ತು ಸಲ ಆದಮೇಲೆ ಮಗು ಆಕಳಿಸಿತು. 'ಒಂದು ಮೀಟರ್ ಅನ್ನೋದು ಎತ್ತರಾನೇ ಅಲ್ಲ. ಪಾಪುಗೆ ಬೀಳೋದು ಕಾಣೋ ಮುಂಚೆನೇ ಬಿದ್ದು ಮುಗಿದಿರುತ್ತೆ,' ಎಂದು ಮರುದಿನ ಮೆಟ್ಟಿಲ ಮೇಲೆ ಸಿಕ್ಕಾಗ ನನಗೆ ವಿವರಿಸಿದರು. ಆಮೇಲೆ ಆಟ ಬಾಲ್ಕನಿಗೆ ಹೋಯಿತು. ಬಾಲ್ಕನಿಗೆ ಎದೆಮಟ್ಟದವರೆಗೆ ಕಬ್ಬಿಣದ ಸರಳು. ಸಂದಿಯಲ್ಲಿ ಮಗುವಿನ ಕೈ ತೂರುತ್ತದೆ, ತಲೆ ತೂರುವುದಿಲ್ಲ. ಅದನ್ನೂ ಅಳತೆಪಟ್ಟಿ ಹಿಡಿದು ನೋಡಿದ್ದರು. ಕೆಳಗೆ ದರ್ಜಿಯ ಅಂಗಡಿ. ಅಂಗಡಿಯ ಮುಂದೆ ಇಳಿಜಾರಾಗಿ ಕಟ್ಟಿದ ದಪ್ಪ ಟಾರ್ಪಾಲು. ಬಿದ್ದದ್ದು ಅದರ ಮೇಲೆ ಧಬ್ ಎಂದು ಕೂತು, ಜಾರಿ, ದರ್ಜಿಯ ಹೊಲಿಗೆಯಂತ್ರದ ಪಕ್ಕಕ್ಕೇ ಬಂದು ಬೀಳುತ್ತಿತ್ತು. ಯಾರ ತಲೆಗೂ ಅಪಾಯವಿಲ್ಲ. ಮಗುವಿಗೆ ಸ್ವರ್ಗ ಸಿಕ್ಕ ಹಾಗಾಯಿತು. ಚಮಚ ಬಿಡುವುದು, ಅದು ಪುಟ್ಟದಾಗುತ್ತಾ ಹೋಗುವುದನ್ನು ಬಾಯಿಬಿಟ್ಟು ನೋಡುವುದು, ಧಬ್ ಎಂದ ತಕ್ಷಣ ಕೇಕೆ ಹಾಕುವುದು. ಸಾಹೇಬರಿಗೆ ಮಗು ತನ್ನದೇ ಎಂಬುದು ಅವತ್ತು ಖಾತ್ರಿಯಾಯಿತು.

ಬೆಳಗ್ಗೆ ಕಾರ್ಖಾನೆಗೆ ಹೋಗುವ ಮುಂಚೆ ಇಪ್ಪತ್ತು, ಸಂಜೆ ಬಂದಮೇಲೆ ಇಪ್ಪತ್ತು. ಹತ್ತು ಬಿದ್ದಮೇಲೆ ಸಾಹೇಬರು ಬಕೆಟ್ ಹಿಡಿದು ಕೆಳಗಿಳಿದು ಬಂದು ಆರಿಸಿಕೊಂಡು ಹೋಗುತ್ತಿದ್ದರು. ಸ್ವಲ್ಪ ದಿನಕ್ಕೆ ಮಗುವಿಗೆ ಚಮಚ ಬೇಸರವಾಯಿತು. ಹಾಳೆಯಲ್ಲಿ ಅದಕ್ಕೂ ಉತ್ತರವಿತ್ತು: 'ಬೇರೆ ಬೇರೆ ಗಾತ್ರದ, ಬೇರೆ ಬೇರೆ ಸದ್ದು ಮಾಡುವ ವಸ್ತುಗಳನ್ನು ಕೊಡಿ.' ಸೌಟು ಬಿತ್ತು. ಜರಡಿ ಬಿತ್ತು. ಬಾಚಣಿಗೆ, ಪಾತ್ರೆಯ ಮುಚ್ಚಳ, ಸಾಹೇಬರ ಬೆಲ್ಟು ಬಿದ್ದವು. ಒಂದು ಮಂಗಳವಾರ ಅವರ ಹೆಂಡತಿಯ ಎಡಗಾಲಿನ ಚಪ್ಪಲಿ ಬಿತ್ತು.

ದರ್ಜಿ ಮೂವತ್ತು ವರ್ಷದಿಂದ ಊರಿನವರ ಸುತ್ತಳತೆ ತೆಗೆದವನು. ಮನುಷ್ಯರ ಒಳಗುಟ್ಟು ತನಗೆ ಗೊತ್ತಾದಷ್ಟು ಡಾಕ್ಟರಿಗೂ ಗೊತ್ತಾಗುವುದಿಲ್ಲ ಎಂದು ಅವನ ನಂಬಿಕೆ. ಚಮಚ ಬೀಳುವಾಗ ಅವನು ಸುಮ್ಮನಿದ್ದ. ಸೌಟು ಬಿದ್ದಾಗ ಹುಬ್ಬೇರಿಸಿದ. ಚಪ್ಪಲಿ ಬಿದ್ದಾಗ ಕತ್ತರಿ ಕೆಳಗಿಟ್ಟ.

'ನೋಡಿ,' ಎಂದು ಅಂಗಿ ಹೊಲಿಸಲು ಹೋಗಿದ್ದ ನನಗೆ ಹೇಳಿದ. 'ಮೊದಲು ಚಮಚ. ಆಮೇಲೆ ಸೌಟು. ಈಗ ಚಪ್ಪಲಿವರೆಗೂ ಬಂತು. ಪಾಪ, ಆ ಹೆಣ್ಣುಮಗಳು ಹೇಗೆ ಬಾಳ್ತಿದಾಳೋ.'

'ಅದು ಪಾಪು ಎಸೆಯೋದಪ್ಪ, ಆಟಕ್ಕೆ,' ಅಂದೆ.

ಅವನು ನನ್ನ ತೋಳಿನ ಅಳತೆ ತೆಗೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. 'ಗಂಡಸರು ಗಂಡಸರ ಪರ ಮಾತಾಡೋದು ಇದ್ದಿದ್ದೇ ಬಿಡಿ,' ಅಂದ. ಅವನೂ ಗಂಡಸೇ ಎಂಬುದನ್ನು ನೆನಪಿಸೋಣ ಅಂತಿದ್ದೆ. ಆದರೆ ಅಂಗಿ ಅವನ ಕೈಯಲ್ಲಿತ್ತು.

ದರ್ಜಿಯನ್ನು ಪೂರಾ ತಪ್ಪೆನ್ನಲಾರೆ. ಬೆಳಗ್ಗೆ ಏಳು ಗಂಟೆಗೆ ಮೂರನೇ ಮಹಡಿಯಿಂದ ಸಾಹೇಬರ ದನಿ ಕೇಳಿಸುತ್ತಿತ್ತು: 'ಎಸಿ. ಎಸಿ ನೋಡೋಣ. ಅಷ್ಟೇನಾ ನಿನ್ನ ಶಕ್ತಿ? ಹೆದರ್ತೀಯಾ? ಎಸಿ ಅಂದೆ.' ಅದರ ಹಿಂದೆಯೇ ಒಂದು ಸೌಟು ಹಾರಿ ಬರುತ್ತಿತ್ತು. ಡಬ್ಬಿ ಜೋಡಿಸಿ ಕೆಡವುವ ಆಟ ಹಾಳೆಯಲ್ಲಿತ್ತು; ಕಾರ್ಖಾನೆಯಲ್ಲಿ ಫೇಲಾದ ಹನ್ನೊಂದು ಸ್ಟೀಲ್ ಡಬ್ಬಿಗಳನ್ನು ಸಾಹೇಬರು ತಂದಿಟ್ಟುಕೊಂಡಿದ್ದರು. ಅವುಗಳ ಗೋಪುರ ಕಟ್ಟಿ ಮಗುವಿನಿಂದ ಕೆಡವಿಸಿದಾಗ ಮನೆಯ ಅಡುಗೆಕೋಣೆಯೇ ನೆಲಕ್ಕೆ ಬಂದಂತೆ ಸದ್ದಾಗುತ್ತಿತ್ತು. ಮುಖ ಮುಚ್ಚಿ ತೆರೆಯುವ ಆಟವೂ ಇತ್ತು. ಅಪ್ಪ ಟವೆಲಿನ ಹಿಂದೆ ಅಡಗಬೇಕು, ಒಂದು ಕ್ಷಣ ಬಿಟ್ಟು ಇಣುಕಬೇಕು. ಸಾಹೇಬರು ಅದನ್ನು ಸರಿಯಾಗಿ ಮಾಡಬೇಕೆಂದು ಹಜಾರ ಬಿಟ್ಟು ಹೊರಗೇ ಹೋಗಿ, ಬಾಗಿಲು ಹಾಕಿಕೊಂಡು, ಮೆಟ್ಟಿಲ ಮೇಲೆ ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದರು. ಒಳಗಿಂದ ಹೆಂಡತಿ ಮಗುವಿಗೆ, 'ಅಪ್ಪ ಹೋದ್ರು. ಹೋದ್ರು ಅಪ್ಪ. ನಮ್ಮನ್ನ ಬಿಟ್ಟು ಹೋದ್ರು,' ಎನ್ನುತ್ತಿದ್ದಳು. ಮೆಟ್ಟಿಲು ಹತ್ತಿಳಿಯುವವರು ಇದನ್ನು ಕೇಳಿ, ಬಾಗಿಲ ಹೊರಗೆ ಟವೆಲು ಹಿಡಿದು ನಿಂತ ಸಾಹೇಬರನ್ನು ನೋಡಿ, ತಲೆ ತಗ್ಗಿಸಿ ನಡೆಯುತ್ತಿದ್ದರು. ಸಾಹೇಬರು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡುತ್ತಿದ್ದರು. ಅದರಿಂದ ಏನೂ ಉಪಯೋಗವಾಗಲಿಲ್ಲ, ಅನುಮಾನ ಇಮ್ಮಡಿಯಾಯಿತು.

ಸುದ್ದಿ ಮೊದಲ ಮಹಡಿಯ ಟೀಚರಮ್ಮನ ಬಳಿಗೆ ಹೋಯಿತು. ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತರಾದವರು. ಈಗ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ಮೆಟ್ಟಿಲಲ್ಲಿ ಸಾಹೇಬರನ್ನು ಅಡ್ಡಗಟ್ಟಿ ನಿಲ್ಲಿಸಿದರು. ಹಿಂದೆ ನಾನೂ ಇದ್ದೆ.

'ನಿಮ್ಮನೆಯಿಂದ ಸಾಮಾನು ಬೀಳ್ತಿದೆಯಂತೆ.'

'ಹೌದು ಮೇಡಂ,' ಅಂದರು ಸಾಹೇಬರು ಸಂಕೋಚದಿಂದ, ಯಾರೋ ತಮ್ಮನ್ನು ಹೊಗಳಿದಂತೆ. 'ದಿನಕ್ಕೆ ನಲವತ್ತು.'

'ಯಾರು ಎಸೆಯೋದು?'

'ಪಾಪು.'

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. 'ತಮ್ಮ ಪುಸ್ತಕ ಹರಿದ ಅಂದವರನ್ನ ನೋಡಿದೀನಿ. ತಂಗಿ ಇಂಕು ಚೆಲ್ಲಿದ್ಲು ಅಂದವರನ್ನ ನೋಡಿದೀನಿ. ಎಂಟು ತಿಂಗಳ ಕೂಸಿನ ಮೇಲೆ ಹಾಕಿದವರನ್ನ ಇವತ್ತೇ ನೋಡ್ತಿರೋದು.'

'ಮೇಡಂ, ನಿಜ,' ಎಂದು ನಾನು ಮೂಗು ತೂರಿಸಿದೆ. 'ಸರಳಿನ ಸಂದಿಯಿಂದ ಕೈ ಹೊರಗೆ ಬರೋದನ್ನ ನಾನೇ ನೋಡಿದೀನಿ.'

'ಮುಖ ನೋಡಿದೀರಾ?'

'ಇಲ್ಲ. ಕೈ ಮಾತ್ರ.'

'ಕೈ ಮಾತ್ರ ನೋಡಿ ಯಾರದ್ದು ಅಂತ ಹೇಗೆ ಹೇಳ್ತೀರಾ?'

'ಇಷ್ಟೇ ಇತ್ತು ಮೇಡಂ,' ಎಂದು ನನ್ನ ಕಿರುಬೆರಳು ತೋರಿಸಿದೆ.

'ಕೆಳಗಿನಿಂದ ನೋಡಿದ್ರೆ ಎಲ್ಲಾ ಚಿಕ್ಕದಾಗೇ ಕಾಣೋದು,' ಎಂದು ಹೇಳಿ, ನನ್ನನ್ನು ಫೇಲು ಮಾಡಿ, ಅವರು ಇಳಿದು ಹೋದರು.

ಅವತ್ತೇ ಮಧ್ಯಾಹ್ನ ಟೀಚರಮ್ಮ ಮೂರನೇ ಮಹಡಿಗೆ ಹೋಗಿ ಸಾಹೇಬರ ಹೆಂಡತಿಯನ್ನು ಕಂಡರು. ಬಾಗಿಲು ತೆರೆದವಳ ಕಣ್ಣು ಕೆಂಡದಂತೆ ಕೆಂಪಾಗಿತ್ತು. ಕೂದಲು ಕೆದರಿತ್ತು. ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು.

'ನಿನಗೆ ಕಷ್ಟ ಇದೆಯೇನಮ್ಮ?' ಎಂದು ಕೇಳಿದರು.

'ಇದೆ,' ಅಂದಳು ಆಕೆ.

'ಎಷ್ಟು ದಿನದಿಂದ?'

'ಎಂಟು ತಿಂಗಳಾಯ್ತು.'

ಇಷ್ಟು ಹೇಳಿ ಕುರ್ಚಿಯಲ್ಲಿ ಕೂತವಳ ತಲೆ ಪಕ್ಕಕ್ಕೆ ವಾಲಿತು. ದುಃಖಕ್ಕೆ ಪ್ರಜ್ಞೆ ತಪ್ಪಿತು ಎಂದುಕೊಂಡ ಟೀಚರಮ್ಮ ಮಗುವನ್ನು ಎತ್ತಿಕೊಂಡು, ಮೂರು ಗಂಟೆ ಹೊತ್ತು ಕಾವಲು ಕೂತರು. ಮರುದಿನದಿಂದ ದಿನಾ ಮಧ್ಯಾಹ್ನ ಬರತೊಡಗಿದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳುವುದು, ತಾಯಿಯನ್ನು 'ಅತ್ತು ಹಗುರ ಮಾಡ್ಕೋ' ಎಂದು ಕೋಣೆಗೆ ಕಳಿಸಿ ಬಾಗಿಲು ಎಳೆಯುವುದು. ಎದುರು ಮನೆಯವರು ಊಟದ ಡಬ್ಬಿ ಕಳಿಸಿದರು. ದರ್ಜಿ ತನ್ನ ಹೆಂಡತಿಗೆ ಹೇಳಿ ಮಗುವಿನ ಬಟ್ಟೆಗಳನ್ನೆಲ್ಲ ಒಗೆಸಿಕೊಟ್ಟ. ಬಿದ್ದ ಸಾಮಾನನ್ನೆಲ್ಲ ಚೀಲದಲ್ಲಿ ತುಂಬಿ ತಾನೇ ಮೂರು ಮಹಡಿ ಹತ್ತಿ ಬಂದು ಕೊಡುತ್ತಿದ್ದ. ಚೀಲ ಕಂಡ ಕೂಡಲೇ ಮಗು ಎರಡೂ ಕೈ ಚಾಚಿ ಅವನ ಕಡೆ ಹಾರುತ್ತಿತ್ತು. 'ನನ್ನನ್ನ ಕರ್ಕೊಂಡು ಹೋಗು ಅಂತಿದೆ ಸರ್ ಅದು,' ಎಂದು ನನಗೆ ಹೇಳುವಾಗ ಅವನು ಕೊರಳಿನ ಅಳತೆಪಟ್ಟಿಯಿಂದ ಕಣ್ಣೊರೆಸಿಕೊಂಡ.

ಸಾಹೇಬರಿಗೆ ಇದಾವುದೂ ಅರ್ಥವಾಗಿರಲಿಲ್ಲ. ನಮ್ಮ ನೆರೆಯವರಿಗೆ ಮಗುವಿನ ಬೆಳವಣಿಗೆಯಲ್ಲಿ ಎಷ್ಟೊಂದು ಆಸಕ್ತಿ ಎಂದು ನನ್ನ ಹತ್ತಿರ ಸಂತೋಷಪಟ್ಟರು. ಅವರಿಗೆ ಅರ್ಥವಾದದ್ದು ಅವರ ಅತ್ತೆ ಬಂದಮೇಲೆ.

ಅತ್ತೆಗೆ ಟೀಚರಮ್ಮನೇ ಫೋನು ಮಾಡಿದ್ದರು. ಆ ಹೆಂಗಸು ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಮೂವತ್ತು ವರ್ಷ ಬಸ್ಸುಗಳ ಹೊರಡುವ ಹೊತ್ತು ಕೂಗಿದವರು. ದನಿಯಲ್ಲಿ ಏರಿಲ್ಲ, ಇಳಿತವಿಲ್ಲ. ಏನು ಹೇಳಿದರೂ ಎರಡೆರಡು ಸಲ ಹೇಳಿಯೇ ಅಭ್ಯಾಸ. ಶನಿವಾರ ಸಂಜೆ ಎರಡು ಖಾಲಿ ಸೂಟ್‌ಕೇಸ್ ಹಿಡಿದು ಬಂದು ಹಜಾರದ ನಡುವೆ ನಿಂತು ಪ್ರಕಟಿಸಿದರು.

'ನನ್ನ ಮಗಳು ಮತ್ತು ಮೊಮ್ಮಗಳು ನಾಳೆ ಸಂಜೆ ನಾಲ್ಕು ಗಂಟೆಗೆ ಹೊರಡ್ತಾರೆ. ನಾಳೆ ಸಂಜೆ ನಾಲ್ಕು ಗಂಟೆಗೆ. ಆರು ತಿಂಗಳು ನನ್ನ ಮನೇಲಿ ಇರ್ತಾರೆ. ಆರು ತಿಂಗಳು.'

ಸಾಹೇಬರು ಬೆಪ್ಪಾಗಿ ನಿಂತರು. ಯಾಕೆ ಎಂದು ಕೇಳಿದ್ದಕ್ಕೆ ಅತ್ತೆ ದರ್ಜಿಯ ಚೀಲವನ್ನು ಮೇಜಿನ ಮೇಲೆ ಸುರಿದರು. ಸೌಟು, ಬೆಲ್ಟು, ಚಪ್ಪಲಿ.

ಸ್ವಲ್ಪ ಹೊತ್ತಿಗೆ ಸಾಹೇಬರು ಇಳಿದು ನನ್ನ ಮನೆಗೆ ಬಂದರು. ಹಾಳೆ ಕೈಯಲ್ಲೇ ಇತ್ತು. 'ಆರು ತಿಂಗಳು ಅಂದ್ರೆ ಹದಿನೈದನೇ ತಿಂಗಳು ಆಗ್ಬಿಡುತ್ತೆ,' ಅಂದರು. 'ಎದ್ದು ನಿಲ್ಲೋದು ಹತ್ತರಲ್ಲಿ. ಮಾತು ಹನ್ನೊಂದರಲ್ಲಿ. ನಡೆಯೋದು ಹನ್ನೆರಡರಲ್ಲಿ. ಎಲ್ಲಾ ಮುಗಿದು ಹೋಗಿರುತ್ತೆ. ನಾನು ಹೋಗೋಷ್ಟರಲ್ಲಿ ಅವಳು ನಡ್ಕೊಂಡು ಬಂದು, ನೀನ್ಯಾರು ಅಂತ ಕೇಳ್ತಾಳೆ.' ಇಷ್ಟು ಹೇಳಿ ನನ್ನ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಮನುಷ್ಯ ಅಳುತ್ತಿದ್ದರು. ಎಷ್ಟೇ ನಗೆಪಾಟಲಿನ ಸಂಗತಿಯಾದರೂ ನನಗೆ ನಗು ಬರಲಿಲ್ಲ. ಒಂಬತ್ತು ವರ್ಷ ಕಾದು ಹಡೆದ ಮಗು ಅದು.

'ಹೆಂಡತಿ ಏನಂದ್ರು?' ಎಂದು ಕೇಳಿದೆ.

'ಮಲಗಿದಾಳೆ. ಎಬ್ಬಿಸಬೇಡಿ, ಅತ್ತು ಅತ್ತು ಸುಸ್ತಾಗಿದಾಳೆ ಅಂತ ಟೀಚರಮ್ಮ ಬಾಗಿಲಿಗೆ ಅಡ್ಡ ಕೂತಿದಾರೆ.'

ಇಬ್ಬರೂ ಯೋಚಿಸಿ ಒಂದು ದಾರಿ ಕಂಡುಕೊಂಡೆವು. ಸಂಘದವರೆಲ್ಲರ ಮುಂದೆ, ಅತ್ತೆಯ ಮುಂದೆ, ಮಗು ತಾನೇ ಒಂದು ಸಲ ಎಸೆದು ತೋರಿಸಿಬಿಟ್ಟರೆ ಆಯಿತು. ನಲವತ್ತು ಬೇಡ. ಒಂದು ಸಾಕು.

ಭಾನುವಾರ ಬೆಳಗ್ಗೆ ಹತ್ತಕ್ಕೆ ವಿಚಾರಣೆ ಎಂದು ನೋಟೀಸು ಬಿತ್ತು. ಸಾಹೇಬರ ಹಜಾರದಲ್ಲಿ ಕುರ್ಚಿ ಸಾಲದೆ ಜನ ಫೇಲಾದ ಡಬ್ಬಿಗಳ ಮೇಲೆಲ್ಲ ಕೂತಿದ್ದರು. ಟೀಚರಮ್ಮ ಮೇಜಿನ ಹಿಂದೆ ಕೂತು, ಮೊದಲು ಹಾಜರಿ ತೆಗೆದುಕೊಂಡರು. ದರ್ಜಿ ತನ್ನ ಸಾಕ್ಷ್ಯವನ್ನು ಗಾತ್ರದ ಪ್ರಕಾರ ಚಾಪೆಯ ಮೇಲೆ ಜೋಡಿಸಿಟ್ಟಿದ್ದ. ಅತ್ತೆ ಬಾಗಿಲ ಬಳಿ ಸೂಟ್‌ಕೇಸುಗಳ ಪಕ್ಕ ನಿಂತಿದ್ದರು. ಸಾಹೇಬರ ಹೆಂಡತಿ ಕೋಣೆಯಲ್ಲಿ ಮಲಗಿಯೇ ಇದ್ದಳು. ಹಸಿ ಗಾಯವನ್ನು ಕೆದಕಬಾರದು ಎಂದು ಅವಳನ್ನು ಕರೆಯಬಾರದೆಂಬ ಠರಾವನ್ನು ಸಭೆ ಮೊದಲೇ ಒಪ್ಪಿತ್ತು.

'ಆರೋಪಿ ತಮ್ಮ ಪ್ರಯೋಗ ತೋರಿಸಬಹುದು,' ಅಂದರು ಟೀಚರಮ್ಮ.

ಸಾಹೇಬರು ಮಗುವನ್ನು ಬಾಲ್ಕನಿಯ ಚಾಪೆಯ ಮೇಲೆ ಕೂರಿಸಿ ಕೈಗೆ ಚಮಚ ಕೊಟ್ಟರು. ನಾವು ಇಪ್ಪತ್ತಾರು ಜನ ಕತ್ತು ಉದ್ದ ಮಾಡಿದೆವು.

ಮಗು ಚಮಚ ನೋಡಿತು. ನಮ್ಮನ್ನು ನೋಡಿತು. ಚಮಚ ಬಾಯಿಗಿಟ್ಟುಕೊಂಡಿತು.

'ಎಸಿ ಪುಟ್ಟ,' ಅಂದರು ಸಾಹೇಬರು.

ಮಗು ಎಸೆಯಲಿಲ್ಲ.

'ಎಸಿ ನೋಡೋಣ. ಅಷ್ಟೇನಾ ನಿನ್ನ ಶಕ್ತಿ?'

'ಇದೇ ಮಾತು,' ಎಂದು ದರ್ಜಿ ಸಭೆಗೆ ತಿಳಿಸಿದ. 'ದಿನಾ ಬೆಳಗ್ಗೆ ಏಳಕ್ಕೆ ಕೇಳಿಸೋದು ಇದೇ ಮಾತು.'

ಹತ್ತು ನಿಮಿಷವಾಯಿತು. ಚಮಚ ಬದಲಿಸಿ ಜರಡಿ ಕೊಟ್ಟರು. ಅದನ್ನು ತಲೆಗೆ ಹಾಕಿಕೊಂಡಿತು. ಬಾಚಣಿಗೆ ಕೊಟ್ಟರು. ಅದನ್ನು ಎದೆಗವಚಿಕೊಂಡಿತು. ಇಪ್ಪತ್ತೈದು ದಿನದಲ್ಲಿ ಸಾವಿರ ಸಲ ಎಸೆದ ಕೈ ಅದು. ಈಗ ಬ್ಯಾಂಕಿನ ಲಾಕರಿನಂತೆ ಮುಚ್ಚಿಕೊಂಡು ಕೂತಿತ್ತು. ಮತ್ತೆ ಚಮಚವನ್ನೇ ಕೊಟ್ಟರು. ಇಪ್ಪತ್ತು ನಿಮಿಷಕ್ಕೆ ಸಾಹೇಬರ ಅಂಗಿ ಬೆವರಿನಲ್ಲಿ ತೊಯ್ದಿತು. ಅತ್ತೆ ಗಡಿಯಾರ ನೋಡಿಕೊಂಡರು.

'ಕೂಸಿಗೆ ಎಸೆಯೋದು ಅಂದ್ರೇನು ಅಂತಲೇ ಗೊತ್ತಿಲ್ಲ,' ಅಂದರು ಟೀಚರಮ್ಮ. 'ಬರ್ಕೊಳ್ತೀನಿ.'

'ಗೊತ್ತು ಮೇಡಂ, ಗೊತ್ತು,' ಎಂದು ಸಾಹೇಬರು ಎದ್ದು ನಿಂತರು. ಆಗ ಅವರ ತಲೆಯಲ್ಲಿ ಏನು ಓಡಿತೋ ದೇವರಿಗೇ ಗೊತ್ತು. ಕಾರ್ಖಾನೆಯಲ್ಲಿ ಹೊಸಬರಿಗೆ ಕೆಲಸ ಕಲಿಸುವ ಅಭ್ಯಾಸ ಇದ್ದಿರಬೇಕು. 'ನೋಡು ಪುಟ್ಟ, ಮರೆತು ಹೋಯ್ತಾ? ಹೀಗೆ. ಹೀಗೆ ಎಸೆಯೋದು,' ಎಂದು ಚಾಪೆಯ ಮೇಲಿದ್ದ ಸೌಟನ್ನು ತೆಗೆದು, ಭುಜದವರೆಗೆ ಎತ್ತಿ, ಬೀಸಿ ಹೊರಗೆ ಎಸೆದರು.

ಅಂಥ ಎಸೆತವನ್ನು ನಾನು ಕಂಡಿರಲಿಲ್ಲ. ಸೌಟು ಟಾರ್ಪಾಲನ್ನೂ ದಾಟಿ ರಸ್ತೆಯ ಆ ಬದಿಗೆ ಹೋಯಿತು. ಎರಡು ನಿಮಿಷದಲ್ಲಿ ಒಬ್ಬ ಅಪರಿಚಿತ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಅವನ ಸೈಕಲ್ಲಿನ ಬುಟ್ಟಿಗೆ ಸೌಟು ಬಿದ್ದಿತ್ತಂತೆ.

'ಇದು ಯಾರದು?' ಎಂದು ಕೇಳಿದ.

ಇಪ್ಪತ್ತೈದು ಬೆರಳು ಸಾಹೇಬರ ಕಡೆ ತಿರುಗಿದವು. ನನ್ನ ಬೆರಳು ತಿರುಗಲಿಲ್ಲ, ಅದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ.

'ಅಷ್ಟು ಕೋಪ ಒಳ್ಳೇದಲ್ಲ ಸಾರ್,' ಎಂದು ಹೇಳಿ, ಸೌಟನ್ನು ಟೀಚರಮ್ಮನ ಕೈಗೇ ಕೊಟ್ಟು ಅವನು ಹೋದ. ಟೀಚರಮ್ಮ ಅದನ್ನು ಮೇಜಿನ ಮೇಲಿಟ್ಟು ಕಾಗದ ಎಳೆದುಕೊಂಡರು. 'ಮುಚ್ಚಳಿಕೆ ಬರೀತೀನಿ. ಸಹಿ ಹಾಕಿ. ಇನ್ನು ಮುಂದೆ ಹೆಂಡತಿಯತ್ತ ಚಮಚ, ಸೌಟು, ಜರಡಿ, ಪಾದರಕ್ಷೆ ಮುಂತಾದವನ್ನು...'

ಸಾಹೇಬರು ಕೇಳಿಸಿಕೊಳ್ಳುತ್ತಿರಲಿಲ್ಲ. ಚಾಪೆಯ ಮೇಲೆ ಮಗುವಿನ ಎದುರು ಕುಸಿದು ಕೂತಿದ್ದರು. ಬೇಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಒಂದು ಕೈ ತೊಡೆಯ ಮೇಲೆ, ಅಂಗೈ ಮೇಲಾಗಿ, ಸುಮ್ಮನೆ ಬಿದ್ದಿತ್ತು. ಮಗು ಆ ಅಂಗೈಯನ್ನು ನೋಡಿತು. ಮುಂದಕ್ಕೆ ಬಾಗಿತು. ಅಲ್ಲಿಯವರೆಗೆ ಬಿಡದೆ ಹಿಡಿದಿದ್ದ, ಜೊಲ್ಲು ಮೆತ್ತಿದ ಚಮಚವನ್ನು ಮೆಲ್ಲಗೆ ಅದರ ಮೇಲಿಟ್ಟಿತು. ಇಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಅಪ್ಪನ ಮುಖ ನೋಡಿತು.

ಸಾಹೇಬರು ಜೇಬಿನಿಂದ ಹಾಳೆ ತೆಗೆದರು. 'ಒಂಬತ್ತನೇ ತಿಂಗಳು,' ಎಂದು ಓದಿದರು. 'ಕೈ ಚಾಚಿದರೆ ವಸ್ತುವನ್ನು ಕೊಡುತ್ತದೆ. ಬೀಳಿಸುವುದಕ್ಕಿಂತ ಕೊಡುವುದು ಕಷ್ಟದ ಕಲಿಕೆ.' ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿದರು. 'ಕೊಟ್ಲು. ನೋಡಿದ್ರಾ? ನನಗೇ ಕೊಟ್ಲು. ಇನ್ನೂ ಐದು ದಿನ ಮುಂಚೆನೇ ಕೊಟ್ಬಿಟ್ಲು.' ಹದಿನೇಳು ವರ್ಷ ವಸ್ತುಗಳು ಕೈಬಿಟ್ಟು ಹೋಗುವುದನ್ನೇ ನೋಡಿದ ಮನುಷ್ಯ, ಮುಷ್ಟಿಯಲ್ಲಿ ಚಮಚ ಹಿಡಿದು ಮಗುವನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಸಭೆಗೆ ಕಂಡದ್ದು ಬೇರೆಯೇ. 'ಅಪ್ಪ, ಇನ್ನು ಸಾಕು, ಎಸೀಬೇಡ ಅಂತ ಕೂಸೇ ಆಯುಧ ವಾಪಸ್ ಕೊಟ್ತು,' ಎಂದ ದರ್ಜಿ. ಟೀಚರಮ್ಮ ಕಣ್ಣೊರೆಸಿಕೊಂಡು, ಮುಚ್ಚಳಿಕೆಯಲ್ಲಿ ಪಶ್ಚಾತ್ತಾಪ ಎಂಬ ಮಾತು ಸೇರಿಸಿದರು. ಸಾಹೇಬರು ಓದದೆ ಸಹಿ ಹಾಕಿದರು. ಅವತ್ತು ಆಸ್ತಿಪತ್ರ ಇಟ್ಟಿದ್ದರೂ ಹಾಕುತ್ತಿದ್ದರು.

ಆದರೆ ಅತ್ತೆ ಕರಗಲಿಲ್ಲ. 'ನಿಗದಿಯಾದ ಹೊತ್ತಿನಲ್ಲಿ ಬದಲಾವಣೆ ಇಲ್ಲ. ಬದಲಾವಣೆ ಇಲ್ಲ,' ಎಂದು ಹೇಳಿ ಕೋಣೆಯ ಬಾಗಿಲು ತೆರೆದು ಮಗಳನ್ನು ಅಲುಗಾಡಿಸಿದರು. 'ಏಳು, ಹೋಗೋಣ. ಏಳು.'

ಸಾಹೇಬರ ಹೆಂಡತಿ ಹೊರಗೆ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಇಪ್ಪತ್ತಾರು ಜನರನ್ನು, ಮೇಜನ್ನು, ಸಾಲಾಗಿ ಜೋಡಿಸಿದ ಸಾಕ್ಷ್ಯವನ್ನು ನೋಡಿದಳು. ತನ್ನ ಎಡಗಾಲಿನ ಚಪ್ಪಲಿ ಕಂಡು ಅದನ್ನು ಮೆಟ್ಟಿಕೊಂಡಳು.

'ಹೆದರದೆ ಹೇಳಮ್ಮ,' ಅಂದರು ಟೀಚರಮ್ಮ. 'ಇವರು ನಿನ್ನ ಮೇಲೆ ಸಾಮಾನು ಎಸೀತಾರಾ?'

'ಇವರಾ?' ಎಂದು ಅವಳು ಗಂಡನನ್ನು ನೋಡಿದಳು. 'ಇವರು ನನ್ನ ಕಡೆ ತಿರುಗಿ ನೋಡಿ ಎಷ್ಟು ದಿನ ಆಯ್ತೋ. ಎಸೆಯೋದು ಪಾಪು.'

'ಮತ್ತೆ ಕಷ್ಟ ಇದೆ ಅಂದೆ. ಎಂಟು ತಿಂಗಳಿಂದ ಅಂದೆ.'

'ಹೌದು ಮೇಡಂ. ಎಂಟು ತಿಂಗಳಿಂದ ನಿದ್ದೆ ಇಲ್ಲ. ಅವಳು ಗಂಟೆಗೊಂದು ಸಲ ಏಳ್ತಾಳೆ. ಇವರು ಬೆಳಗ್ಗೆ ಏಳಕ್ಕೆ ಗೋಪುರ ಕಟ್ತಾರೆ. ನೀವು ಬಂದು ಪಾಪುನ ಎತ್ಕೊಂಡು ಕೂತ ದಿನ, ಇಷ್ಟು ತಿಂಗಳಲ್ಲಿ ಮೊದಲನೇ ಸಲ ಮೂರು ಗಂಟೆ ಒಂದೇ ಸಮ ಮಲಗಿದೆ. ಬಟ್ಟೆ ಒಗೆದು ಬಂತು. ಊಟ ಬಂತು. ಜಗಳ ಇಲ್ಲ ಅಂತ ಹೇಳ್ಬೇಕು ಅಂತ ದಿನಾ ಅಂದ್ಕೋತಿದ್ದೆ. ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಲ್ಲ ಅಂತ ಸುಮ್ಮನಾದೆ. ತಪ್ಪಾಯ್ತು.'

ದರ್ಜಿ ಸಾಕ್ಷ್ಯವನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಸಾಹೇಬರು ಹಾಳೆಯನ್ನು ತಿರುಗಿಸಿ ಹಿಂದುಮುಂದು ನೋಡಿದರು. ತಾಯಿಯ ನಿದ್ದೆಯ ಬಗ್ಗೆ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಮುಖ ಬಾಡಿಹೋಯಿತು.

'ಹಾಗಾದ್ರೆ ನನ್ನ ಜೊತೆ ಬಾ. ನನ್ನ ಮನೇಲಿ ಮಲಗು,' ಅಂದರು ಅತ್ತೆ. ಅವರ ದನಿ ಮೊದಲ ಸಲ ಸ್ವಲ್ಪ ಇಳಿದಿತ್ತು.

'ನಾನು ಬರಲ್ಲಮ್ಮ,' ಅಂದಳು ಮಗಳು. ಒಳಗೆ ಹೋಗಿ ಒಂದು ಸೂಟ್‌ಕೇಸಿಗೆ ಮಗುವಿನ ಬಟ್ಟೆ ತುಂಬಿದಳು. ಇನ್ನೊಂದಕ್ಕೆ ಸಾಹೇಬರ ಅಂಗಿ, ಬೆಲ್ಟು, ಹಾಳೆ ಹಾಕಿ ಎರಡನ್ನೂ ತಂದು ಬಾಗಿಲ ಬಳಿ ಇಟ್ಟಳು. 'ಇವರಿಬ್ಬರನ್ನೂ ಕರ್ಕೊಂಡು ಹೋಗು. ಒಂದು ವಾರ. ಇವರು ಆಡಿಸ್ಲಿ, ನೀನು ನೋಡ್ಕೋ. ನಾನು ಇಲ್ಲೇ ಇರ್ತೀನಿ.'

'ಒಂದು ವಾರ ಅವಳು ನನ್ನ ಜೊತೇನೇ?' ಎಂದು ಕೇಳಿದರು ಸಾಹೇಬರು, ನಂಬಲಾರದೆ.

'ನಿಮ್ಮ ಜೊತೇನೇ. ರಾತ್ರಿನೂ.'

ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. 'ಅಳಿಯ ಮತ್ತು ಮೊಮ್ಮಗಳು ನಾಲ್ಕು ಗಂಟೆಗೆ ಹೊರಡ್ತಾರೆ,' ಅಂದರು. ಈ ಸಲ ಒಂದೇ ಸಲ ಹೇಳಿದರು.

ನಾಲ್ಕು ಗಂಟೆಗೆ ಸಾಹೇಬರು ಮಗುವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ನೋಡುತ್ತಾ ಇಳಿದು ಹೋದರು. ಅವರು ಅಷ್ಟು ಜೋಪಾನವಾಗಿ ಏನನ್ನಾದರೂ ಹಿಡಿದದ್ದನ್ನು ನಾನು ನೋಡಿರಲಿಲ್ಲ.

ಸಂಜೆಯ ಹೊತ್ತಿಗೆ ಕಟ್ಟಡದಲ್ಲಿ ಹೊಸ ಸುದ್ದಿ ಹರಡಿತ್ತು: ಹೆಂಡತಿ ಗಂಡನನ್ನೂ ಮಗುವನ್ನೂ ಹೊರಗೆ ಹಾಕಿದಳು. ಅವಳು ಹೇಳಿದ್ದನ್ನು ಎಲ್ಲರೂ ಕಿವಿಯಾರೆ ಕೇಳಿದ್ದರು, ಆದರೂ ಹರಡಿತು. ಇಂಥ ಹೊತ್ತಿನಲ್ಲಿ ಒಂಟಿ ಹೆಂಗಸು ಏನಾದರೂ ಮಾಡಿಕೊಂಡರೆ ಎಂದು ಟೀಚರಮ್ಮನಿಗೆ ದಿಗಿಲು. ದರ್ಜಿಯನ್ನೂ ನನ್ನನ್ನೂ ಕರೆದುಕೊಂಡು ಸದ್ದಿಲ್ಲದೆ ಮೂರನೇ ಮಹಡಿಗೆ ಹೋದರು. ಬಾಗಿಲಿಗೆ ಒಳಗಿಂದ ಅಗುಳಿ ಬಿದ್ದಿತ್ತು. ಮೂವರೂ ಸಾಲಾಗಿ ಬಾಗಿಲಿಗೆ ಕಿವಿ ಹಚ್ಚಿ, ಅಳು ಕೇಳಿಸೀತೇ ಎಂದು ಉಸಿರು ಬಿಗಿಹಿಡಿದು ನಿಂತೆವು.

ಗೊರಕೆ ಕೇಳಿಸಿತು.